ಬಲೆ ಬಿಡದ ತೋಳಜೇಡ: ಮುಂಡಗೋಡದ ಬದುವಿನಿಂದ ಜೋಯಿಡಾದ ಕಾಡಂಚಿನವರೆಗೆ

ಕನ್ನಡದಲ್ಲಿ ಜೇಡ ಎಂಬ ಪದಕ್ಕೆ ನೇಕಾರ ಎಂಬ ಅರ್ಥವೂ ಉಂಟು. ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನ ಹೆಸರಿನಲ್ಲಿ ಉಳಿದುಬಂದಿರುವುದು ಆ ಅರ್ಥವೇ. ತನ್ನ ಮೈಯಿಂದಲೇ ನೂಲು ತೆಗೆದು ಬಲೆ ನೇಯುವ ಎಂಟು ಕಾಲಿನ ಜೀವಿಗೂ ಅದೇ ಹೆಸರು ಸಂದಿದೆ. ಆದರೆ ಜೇಡಗಳ ಲೋಕದಲ್ಲಿ ನೇಯ್ಗೆಯ ಕಸುಬನ್ನು ಕೈಬಿಟ್ಟು ಬೇಟೆಗೆ ಇಳಿದ ದೊಡ್ಡ ಬಳಗವೊಂದಿದೆ. ಅದೇ ತೋಳಜೇಡಗಳ ಕುಟುಂಬ, ಶಾಸ್ತ್ರೀಯ ಹೆಸರಿನಲ್ಲಿ ಲೈಕೋಸಿಡೆ. ಇವು ನೆಲದ ಮೇಲೆ ಓಡಾಡಿ, ಕಣ್ಣಿನಿಂದ ನೋಡಿ, ಬೆನ್ನಟ್ಟಿ ಹಿಡಿಯುವ ಬೇಟೆಗಾರರು. ಬಲೆಯ ಗೊಡವೆ ಇವುಗಳಲ್ಲಿ ಬಹುಪಾಲಿಗೆ ಇಲ್ಲ.

ಬಹುಪಾಲಿಗೆ ಎಂದೆವು. ಏಕೆಂದರೆ ಈ ಕುಟುಂಬದಲ್ಲಿ ಬಲೆಯನ್ನು ಬಿಡದ ಕೆಲವು ಕುಲಗಳೂ ಇವೆ. ಅವುಗಳಲ್ಲಿ ನಮ್ಮ ನಾಡಿಗೆ ಅತ್ಯಂತ ಹತ್ತಿರದ್ದು ಹಿಪ್ಪಾಸಾ. ಮಳೆಗಾಲ ಮುಗಿದು ಇಬ್ಬನಿ ಬೀಳತೊಡಗಿದ ದಿನಗಳಲ್ಲಿ ಗದ್ದೆಯ ಬದುವಿನ ಮೇಲೆ, ಕೆರೆಯ ಏರಿಯಲ್ಲಿ, ರಸ್ತೆಬದಿಯ ಹುಲ್ಲಿನಲ್ಲಿ ಬಿಳಿಯ ಕರವಸ್ತ್ರ ಹಾಸಿದಂತೆ ಕಾಣುವ ಬಲೆಗಳಲ್ಲಿ ಅನೇಕವು ಇದರವು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ತಾಲ್ಲೂಕುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಈ ಜೇಡಕ್ಕೆ ಎಂಥ ನೆಲ ಬೇಕು, ಎಂಥದ್ದು ಬೇಡ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ. ಹುಲಿ, ಕರಿಚಿರತೆ, ಮಂಗಟ್ಟೆ ಹಕ್ಕಿಗಳಿಗೆ ಹೆಸರಾದ ಈ ಸೀಮೆಯಲ್ಲಿ ಜೇಡದ ಮಾತೇಕೆ ಎಂದು ಓದುಗರಿಗೆ ಅನಿಸಬಹುದು. ಹುಲಿಗೆ ಕಾಯ್ದಿಟ್ಟ ಕಾಡಿದೆ. ಈ ಜೇಡ ಬದುಕುವುದು ಯಾರೂ ಲೆಕ್ಕಕ್ಕೆ ಹಿಡಿಯದ ಅಂಚಿನ ನೆಲದಲ್ಲಿ.

ಎಂಟು ಕಣ್ಣು, ಬೆನ್ನ ಮೇಲೆ ಮರಿಗಳು

ಜಗತ್ತಿನಲ್ಲಿ ಇದುವರೆಗೆ ಹೆಸರಿಸಲಾದ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000ವನ್ನು ದಾಟಿತು. ಇವುಗಳಲ್ಲಿ ತೋಳಜೇಡಗಳು ಸುಮಾರು 2,500. ಲೈಕೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ತೋಳ. ತೋಳಗಳಂತೆ ಇವು ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೇ ಬೇಟೆಯಾಡುತ್ತವೆ. ಓಟ ಮತ್ತು ದೃಷ್ಟಿ ಮಾತ್ರ ತೋಳನ ಹೆಸರಿಗೆ ತಕ್ಕವು.

ಈ ಕುಟುಂಬವನ್ನು ಗುರುತಿಸಲು ಸೂಕ್ಷ್ಮದರ್ಶಕ ಬೇಕಿಲ್ಲ, ಮುಖ ನೋಡಿದರೆ ಸಾಕು. ಎಂಟು ಕಣ್ಣುಗಳು ಮೂರು ಸಾಲಿನಲ್ಲಿರುತ್ತವೆ. ಕೆಳಗೆ ನಾಲ್ಕು ಚಿಕ್ಕವು, ಅವುಗಳ ಮೇಲೆ ಎರಡು ದೊಡ್ಡವು, ತಲೆಯ ಹಿಂಭಾಗದಲ್ಲಿ ಮತ್ತೆರಡು. ದೊಡ್ಡ ಕಣ್ಣುಗಳ ಒಳಗೆ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುವ ಪದರವಿದೆ; ಹಸುವಿನ, ಬೆಕ್ಕಿನ ಕಣ್ಣಿನಲ್ಲಿರುವಂಥದ್ದೇ. ರಾತ್ರಿ ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ಗದ್ದೆಯ ಬದುವಿನತ್ತ ಬೆಳಕು ಬಿಟ್ಟರೆ ಹುಲ್ಲಿನ ನಡುವೆ ಹಸಿರು ಛಾಯೆಯ ಚುಕ್ಕೆಗಳು ಮಿನುಗುತ್ತವೆ. ಇಬ್ಬನಿಯ ಹನಿ ಎಂದು ಭಾವಿಸಿ ಹತ್ತಿರ ಹೋದರೆ ಚುಕ್ಕೆ ಓಡಿಹೋಗುತ್ತದೆ!

ಇನ್ನೊಂದು ಗುರುತು ತಾಯ್ತನದ್ದು. ಹೆಣ್ಣು ತೋಳಜೇಡ ತನ್ನ ಮೊಟ್ಟೆಗಳನ್ನು ರೇಷ್ಮೆಯ ಗುಂಡನೆಯ ಚೀಲದಲ್ಲಿ ಸುತ್ತಿ, ಆ ಚೀಲವನ್ನು ದೇಹದ ತುದಿಯಲ್ಲಿರುವ ನೂಲುವ ಅಂಗಗಳಿಗೆ ಅಂಟಿಸಿಕೊಂಡು ಹೋದಲ್ಲೆಲ್ಲ ಹೊತ್ತು ತಿರುಗುತ್ತದೆ. ಮರಿ ಬಲಿತಾಗ ಚೀಲದ ಹೊಲಿಗೆಯನ್ನು ತಾನೇ ಬಿಡಿಸುತ್ತದೆ. ಹೊರಬಂದ ಮರಿಗಳು ತಾಯಿಯ ಕಾಲುಗಳ ಮೂಲಕ ಏರಿ ಬೆನ್ನಿನ ಮೇಲೆ ಒಂದರ ಮೇಲೊಂದು ಕುಳಿತುಕೊಂಡು ಕೆಲವು ದಿನ ಸವಾರಿ ಮಾಡುತ್ತವೆ. ಇಂಥ ಪಾಲನೆ ಇತರ ಜೇಡ ಕುಟುಂಬಗಳಲ್ಲಿ ಅಪರೂಪ.

ಹೆಸರಿನ ಬಗ್ಗೆ ಒಂದು ಮಾತು. ಇಂದು ‘ಟಾರಂಟುಲಾ’ ಎಂದರೆ ಕೈಯಗಲದ, ರೋಮಭರಿತ ದೊಡ್ಡ ಜೇಡ ಎಂದು ಎಲ್ಲರೂ ತಿಳಿಯುತ್ತಾರೆ. ಮೂಲತಃ ಆ ಹೆಸರು ಇಟಲಿಯ ಟಾರಂಟೊ ಪಟ್ಟಣದ ಸುತ್ತಲಿನ ಒಂದು ತೋಳಜೇಡದ್ದು. ಅದು ಕಚ್ಚಿದರೆ ಕುಣಿದು ವಿಷ ಇಳಿಸಬೇಕೆಂಬ ನಂಬಿಕೆಯಿಂದ ಅಲ್ಲೊಂದು ನೃತ್ಯಪ್ರಕಾರವೇ ಹುಟ್ಟಿಕೊಂಡಿತು. ಯುರೋಪಿಯನ್ನರು ಬೇರೆ ಖಂಡಗಳಲ್ಲಿ ದೊಡ್ಡ ಜೇಡಗಳನ್ನು ಕಂಡಾಗ ಆ ಹೆಸರನ್ನು ಅವಕ್ಕೆ ವರ್ಗಾಯಿಸಿದರು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಆರ್.ಐ. ಪೊಕಾಕ್ 1899ರಲ್ಲಿ ತ್ರಿಗ್ಮೋಪಿಯಸ್ ಎಂದು ಹೆಸರಿಟ್ಟ, ಪಶ್ಚಿಮ ಘಟ್ಟದ ಬಿಲವಾಸಿ ಜೇಡಗಳು ಈ ಎರಡನೆಯ ಬಗೆಯವು. ಅವು ನಮ್ಮ ಜಿಲ್ಲೆಯಲ್ಲೂ ಇವೆ. ಆದರೆ ತೋಳಜೇಡಗಳಿಗೂ ಅವುಗಳಿಗೂ ದೂರದ ಸಂಬಂಧವಷ್ಟೇ.

ಹಾಳೆಯಂಥ ಬಲೆ, ಆಲಿಕೆಯಂಥ ಮನೆ

ಹಿಪ್ಪಾಸಾ ಜೇಡದ ದೇಹದ ಉದ್ದ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಸೆಂಟಿಮೀಟರ್. ಬೂದು ಮಿಶ್ರಿತ ಕಂದು ಬಣ್ಣ, ಉದರದ ಮೇಲೆ ಮಾಸಲು ಬಿಳಿಯ ಚುಕ್ಕೆಗಳು. ಎದ್ದು ಕಾಣುವ ಚೆಲುವೇನೂ ಇಲ್ಲ. ಹಿಂಬದಿಯಿಂದ ನೋಡಿದರೆ ಮಾತ್ರ ನೂಲುವ ಅಂಗಗಳಲ್ಲಿ ಹಿಂದಿನ ಜೋಡಿ ಉದ್ದವಾಗಿ, ಮೊನಚಾಗಿ ಚಾಚಿಕೊಂಡಿರುತ್ತದೆ. ಬೇರೆ ತೋಳಜೇಡಗಳಲ್ಲಿ ಇದು ಹೀಗೆ ಕಾಣುವುದಿಲ್ಲ. ಅಗಲವಾದ ಹಾಳೆ ನೇಯಲು ಒದಗುವ ಸಾಧನವೇ ಇದು.

ಬಲೆಯ ರಚನೆ ಸರಳವಾದರೂ ಜಾಣ್ಮೆಯದು. ನೆಲಕ್ಕೆ ಹತ್ತಿರವಾಗಿ, ಹುಲ್ಲಿನ ಗರಿಕೆಗಳಿಗೆ ಆಧಾರ ಕೊಟ್ಟು, ಅಡ್ಡಡ್ಡವಾಗಿ ಒಂದು ತೆಳುಹಾಳೆ. ಅದರ ಒಂದು ಅಂಚು ಕ್ರಮೇಣ ಕಿರಿದಾಗುತ್ತ ಎಣ್ಣೆ ಸುರಿಯುವ ಆಲಿಕೆಯಂತೆ ಕೊಳವೆಯಾಗಿ ಇಳಿಯುತ್ತದೆ. ಕೊಳವೆಯ ಇನ್ನೊಂದು ತುದಿ ಮಣ್ಣಿನ ಬಿರುಕಿಗೋ ಕಲ್ಲಿನ ಸಂದಿಗೋ ಹುಲ್ಲಿನ ಬುಡಕ್ಕೋ ಸೇರುತ್ತದೆ. ಜೇಡ ಆಲಿಕೆಯ ಬಾಯಲ್ಲಿ ಮುಂಗಾಲುಗಳನ್ನು ಹಾಳೆಯ ಮೇಲಿಟ್ಟು ಕಾಯುತ್ತದೆ. ಈ ಬಲೆಯಲ್ಲಿ ಅಂಟಿಲ್ಲ ಎಂಬುದನ್ನು ಗಮನಿಸಬೇಕು. ತೋಟದಲ್ಲಿ ಚಕ್ರಾಕಾರದ ಬಲೆ ಕಟ್ಟುವ ಜೇಡಗಳ ನೂಲಿಗೆ ಅಂಟಿರುತ್ತದೆ, ಬಿದ್ದ ಕೀಟ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಹಿಪ್ಪಾಸಾದ ಹಾಳೆಯ ಮೇಲೆ ಬಿದ್ದ ಮಿಡತೆಯ ಕಾಲು ಸಡಿಲ ನೂಲುಗಳಲ್ಲಿ ತೊಡರಿ ಕ್ಷಣಕಾಲ ತಡವರಿಸುತ್ತದೆ, ಅಷ್ಟೇ. ಆ ಕ್ಷಣದಲ್ಲಿ ಕಂಪನ ಗ್ರಹಿಸಿದ ಜೇಡ ಹಾಳೆಯ ಮೇಲ್ಮೈಯಲ್ಲಿ ಓಡಿಬಂದು ಕಚ್ಚಿ, ಬೇಟೆಯನ್ನು ಕೊಳವೆಯ ಬಾಯಿಗೆ ಎಳೆದೊಯ್ಯುತ್ತದೆ. ಅಂದರೆ ಬಲೆ ಇದ್ದರೂ ಬೇಟೆಯನ್ನು ಗೆಲ್ಲಿಸುವುದು ತೋಳಜೇಡದ ಓಟವೇ. ಅಪಾಯ ಕಂಡರೆ ಅದೇ ಕೊಳವೆಯ ಹಿಂಬಾಗಿಲಿನಿಂದ ಪರಾರಿ.

ಇಂಥದ್ದೇ ಬಲೆಯನ್ನು ಅಜೆಲೆನಿಡೆ ಎಂಬ ಬೇರೊಂದು ಕುಟುಂಬದ ಜೇಡಗಳೂ ಕಟ್ಟುತ್ತವೆ. ಹೋಲಿಕೆ ಎಷ್ಟೆಂದರೆ, 1884ರಲ್ಲಿ ಬರ್ಮಾದಿಂದ ಬಂದ ಮಾದರಿಗಳನ್ನು ಪರಿಶೀಲಿಸಿದ ಫ್ರೆಂಚ್ ತಜ್ಞ ಯೂಜೀನ್ ಸಿಮೋನ್ ಒಂದು ಪ್ರಭೇದಕ್ಕೆ ‘ಅಜೆಲೆನಾಯ್ಡಿಸ್’, ಅಂದರೆ ಅಜೆಲೆನಾದಂಥದ್ದು, ಎಂದೇ ಹೆಸರಿಟ್ಟ. ಮರುವರ್ಷ ಹಿಪ್ಪಾಸಾ ಎಂಬ ಕುಲವನ್ನೂ ಸ್ಥಾಪಿಸಿದ. ಬಲೆಯ ಮಾಲೀಕರು ಯಾರೆಂಬ ಸಂಶಯ ಬಂದರೆ ಮೊಟ್ಟೆಚೀಲ ಹೊತ್ತ ತಾಯಿಗಾಗಿ ಕಾದು ನೋಡಬೇಕು. ಅಜೆಲೆನಿಡೆ ಕುಟುಂಬದ ತಾಯಿ ಚೀಲವನ್ನು ಒಂದೆಡೆ ಅಂಟಿಸಿ ಇಡುತ್ತದೆ. ಹಿಪ್ಪಾಸಾ ನೂಲುವ ಅಂಗಗಳಿಗೆ ಅಂಟಿಸಿಕೊಂಡು ಹೊರುತ್ತದೆ. ಕಸುಬು ನೇಕಾರನದಾದರೂ ಮನೆತನ ತೋಳನದೇ.

ಬಲೆ ಕಟ್ಟುವ ತೋಳಜೇಡಗಳು ಬೇರೆಡೆಯೂ ಇವೆ. ಅಮೆರಿಕ ಖಂಡಗಳಲ್ಲಿ ಸೊಸಿಪ್ಪಸ್, ಯುರೋಪಿನಲ್ಲಿ ಔಲೋನಿಯಾ, ಆಸ್ಟ್ರೇಲಿಯಾದ ಕಡೆ ವೆನೋನಿಯಾ. ಬಲೆ ಕಟ್ಟುವ ಈ ವಿದ್ಯೆ ಪೂರ್ವಜರಿಂದ ಉಳಿದು ಬಂದದ್ದೋ, ಒಮ್ಮೆ ಬಿಟ್ಟು ಮತ್ತೆ ಕಲಿತದ್ದೋ ಎಂಬುದು ತಜ್ಞರ ನಡುವೆ ಬಹುಕಾಲ ಚರ್ಚೆಯಲ್ಲಿರುವ ವಿಷಯ.

ಹೆಸರುಗಳು ಹೇಳುವ ಭೂಪಟ

ಹಿಪ್ಪಾಸಾ ಕುಲದಲ್ಲಿ ಸುಮಾರು 30 ಪ್ರಭೇದಗಳಿವೆ. ಆಫ್ರಿಕಾದಿಂದ ಪಶ್ಚಿಮ ಏಷ್ಯಾ ಮೂಲಕ ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾವರೆಗೆ ಇವುಗಳ ಹರವು. ಅರ್ಧದಷ್ಟು ಪ್ರಭೇದಗಳು ಭಾರತದಿಂದ ವರದಿಯಾಗಿವೆ. 1867ರಲ್ಲಿ ಇಂಗ್ಲೆಂಡಿನ ಜಾನ್ ಬ್ಲಾಕ್‌ವಾಲ್ ವಿವರಿಸಿದ ‘ಗ್ರೀನಾಲಿಯೇ’, 1876ರಲ್ಲಿ ಈಜಿಪ್ಟಿನ ಮಾದರಿಗಳಿಂದ ಹೆಸರು ಪಡೆದು ಭಾರತದಲ್ಲೂ ಗುರುತಿಸಲ್ಪಟ್ಟ ‘ಪಾರ್ಟೀಟಾ’, ಪೊಕಾಕ್ 1900ರಲ್ಲಿ ಹೆಸರಿಸಿದ ‘ಲೈಕೋಸಿನಾ’ ಮತ್ತು ‘ಪಿಸೌರಿನಾ’ ಇವುಗಳಲ್ಲಿ ಹಳೆಯವು. 1924ರಲ್ಲಿ ಎಫ್.ಎಚ್. ಗ್ರೇವ್ಲಿ ಭಾರತದ ತೋಳಜೇಡಗಳ ಬಗ್ಗೆ ಬರೆದ ಪ್ರಬಂಧದಲ್ಲಿ ‘ಮದ್ರಾಸ್ಪಟಾನಾ’, ‘ಹಿಮಾಲಯೆನ್ಸಿಸ್’ ಸೇರಿದವು. ಆತ ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದವನು. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯದ ಬಿ.ಕೆ. ಟಿಕಾದಾರ್ ಮತ್ತು ಎಂ.ಎಸ್. ಮಲ್ಹೋತ್ರಾ 1980ರಲ್ಲಿ ಹೊರತಂದ ಸಂಪುಟದಲ್ಲಿ ಮಹಾಬಲೇಶ್ವರದ ಹೆಸರು ಹೊತ್ತ ಪ್ರಭೇದವೂ ಬಂತು. ಆಮೇಲೆ ಹರಿಯಾಣದ ಹೆಸರೂ ಸೇರಿತು.

ಇವುಗಳನ್ನು ಓದಿದರೆ ಮದ್ರಾಸಿನಲ್ಲಿ ಒಂದು, ಮಹಾಬಲೇಶ್ವರದಲ್ಲಿ ಒಂದು, ಹಿಮಾಲಯದಲ್ಲಿ ಒಂದು ಎಂದು ಜೇಡಗಳು ನಾಡು ಹಂಚಿಕೊಂಡಂತೆ ತೋರುತ್ತದೆ. ಅದು ಭ್ರಮೆ. ಪ್ರಭೇದದ ಹೆಸರು ಮೊದಲ ಮಾದರಿ ಎಲ್ಲಿ ಸಿಕ್ಕಿತು ಎಂಬುದನ್ನಷ್ಟೇ ಹೇಳುತ್ತದೆ, ಅದು ಎಲ್ಲೆಲ್ಲಿ ಬದುಕುತ್ತದೆ ಎಂಬುದನ್ನಲ್ಲ. ಮುಖ್ಯವಾಗಿ ಅದು ನೋಡಿದವರು ಎಲ್ಲಿದ್ದರು ಎಂಬುದರ ದಾಖಲೆ. ಆಫ್ರಿಕಾದ ಪ್ರಭೇದಗಳನ್ನು ಬೆಲ್ಜಿಯಂನ ಇಬ್ಬರು ತಜ್ಞರು, ಆಲ್ಡರ್‌ವೈರೆಲ್ಟ್ ಮತ್ತು ಜೋಕೆ, 2005ರಲ್ಲಿ ಒಟ್ಟಾಗಿ ಮರುಪರಿಶೀಲಿಸಿ ಗೊಂದಲ ಕಳೆದರು. ಹಳೆಯ ವಿವರಣೆಗಳನ್ನೂ ಮಾದರಿಗಳನ್ನೂ ಒಂದೆಡೆ ತಂದು ತಾಳೆನೋಡುವ ಅಂಥ ಕೆಲಸವಿಲ್ಲದೆ ಹೆಸರುಗಳ ಪಟ್ಟಿ ಉದ್ದವಾಗುತ್ತದೆಯೇ ಹೊರತು ತಿಳಿವಳಿಕೆಯಲ್ಲ.

ಉತ್ತರ ಕನ್ನಡಕ್ಕೆ ಚಿಟ್ಟೆಗಳ ವಿಷಯದಲ್ಲಿ ಅದೃಷ್ಟವಿತ್ತು. ಅರಣ್ಯಾಧಿಕಾರಿ ಟಿ.ಆರ್. ಬೆಲ್ ಕಾರವಾರದಲ್ಲಿಯೇ ನೆಲೆಸಿ, 1948ರಲ್ಲಿ ಅಲ್ಲಿಯೇ ತೀರಿಕೊಂಡವರು. ಇಲ್ಲಿನ ಚಿಟ್ಟೆಗಳ ಮೊಟ್ಟೆ, ಹುಳು, ಕೋಶಗಳನ್ನೆಲ್ಲ ಸಾಕಿ ನೋಡಿ ಬರೆದವರು. ನೆಲದ ಜೇಡಗಳಿಗೆ ಅಂಥ ಒಬ್ಬ ಬೆಲ್ ದೊರೆಯಲಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೆಲ

ಬಲೆ ಎಂಬುದು ಬಂಡವಾಳ. ಓಡಾಡಿ ಬೇಟೆಯಾಡುವ ತೋಳಜೇಡ ಇಂದು ಇಲ್ಲಿ, ನಾಳೆ ಅಲ್ಲಿ. ನೆಲ ಉತ್ತರೆ ಪಕ್ಕದ ಹೊಲಕ್ಕೆ ಓಡುತ್ತದೆ. ಹಿಪ್ಪಾಸಾ ಹಾಗಲ್ಲ. ರೇಷ್ಮೆ ಖರ್ಚು ಮಾಡಿ ಹಾಳೆ ಹಾಸಿ, ಕೊಳವೆ ಕಟ್ಟಿದ ಮೇಲೆ ಆ ಜಾಗ ಕೆಲವು ವಾರವಾದರೂ ಅಲುಗದೆ ಉಳಿಯಬೇಕು. ನೂಲು ಕಟ್ಟಲು ಗಿಡ್ಡ ಹುಲ್ಲು ಬೇಕು, ಅಡಗಲು ಸಂದು ಬೇಕು, ಬಿಸಿಲೂ ಕೀಟಗಳೂ ಬರುವಷ್ಟು ತೆರವು ಬೇಕು. ಉಳುವ ಹೊಲದ ನಡುಭಾಗ ಇದಕ್ಕೆ ಒಗ್ಗದು. ದಟ್ಟ ಕಾಡಿನ ಕತ್ತಲೂ ಒಗ್ಗದು. ಈ ಎರಡರ ನಡುವೆ ಇರುವುದೇ ಇದರ ನಾಡು.

ಪೂರ್ವದ ಮುಂಡಗೋಡದಿಂದ ಹೊರಡೋಣ. ಧಾರವಾಡ, ಹಾವೇರಿಯ ಬಯಲಿಗೆ ತಾಗಿಕೊಂಡ ಈ ತಾಲ್ಲೂಕಿನಲ್ಲಿ ಮಳೆ ಜಿಲ್ಲೆಯ ಲೆಕ್ಕಕ್ಕೆ ಕಡಿಮೆ. ಒಣ ಎಲೆಯುದುರುವ ಕಾಡು, ಕೆರೆಗಳು, ಭತ್ತ, ಗೋವಿನಜೋಳ, ಹತ್ತಿ. 1960ರ ದಶಕದಲ್ಲಿ ಕಾಡು ತೆರವಾಗಿ ಟಿಬೆಟನ್ನರ ನೆಲೆ ಬಂದದ್ದೂ ಇಲ್ಲಿಯೇ. ಅತ್ತಿವೇರಿ ಪಕ್ಷಿಧಾಮಕ್ಕೆ ಬರುವವರು ಜಲಾಶಯದ ನಡುವಿನ ಹಕ್ಕಿಗಳತ್ತ ದುರ್ಬೀನು ತಿರುಗಿಸುತ್ತಾರೆ. ಅವರು ನಿಂತ ದಂಡೆಯ ಹುಲ್ಲಿನಲ್ಲಿ ಎರಡು ಬಗೆಯ ತೋಳಜೇಡಗಳಿಗೂ ಜಾಗವಿದೆ: ನೀರಂಚಿನ ಕೆಸರಿನಲ್ಲಿ ಓಡಾಡುವ ಪಾರ್ಡೋಸಾ ಕುಲದವು, ಅಲ್ಲಿಂದ ತುಸು ಮೇಲೆ ಒಣನೆಲದಲ್ಲಿ ಬಲೆ ಹಾಸುವ ಹಿಪ್ಪಾಸಾ. ಕೆರೆಗಳ ಏರಿಗಳು ಇಂಥ ಜೇಡಕ್ಕೆ ಹೇಳಿಮಾಡಿಸಿದ ತಾಣ. ಏರಿಯನ್ನು ಯಾರೂ ಉಳುವುದಿಲ್ಲ, ದನ ಮೇಯ್ದು ಹುಲ್ಲು ಗಿಡ್ಡವಾಗಿಯೇ ಇರುತ್ತದೆ, ಕಲ್ಲು ಜೋಡಿಸಿದ ಒಳಮೈಯಲ್ಲಿ ಸಂದುಗಳಿಗೆ ಕೊರತೆಯಿಲ್ಲ, ನೀರಿನಿಂದ ಕೀಟಗಳು ಏಳುತ್ತಲೇ ಇರುತ್ತವೆ.

ಹಳಿಯಾಳದಲ್ಲಿ ಭತ್ತದ ಜೊತೆ ಕಬ್ಬು ದೊಡ್ಡದಾಗಿ ಬೆಳೆದಿದೆ. ಭತ್ತದ ಗದ್ದೆಗೆ ಬದು ಬೇಕು. ನೀರು ನಿಲ್ಲಿಸಲು ಎತ್ತರಿಸಿದ ಈ ಮಣ್ಣಿನ ಗೆರೆಗಳೇ ಹಿಪ್ಪಾಸಾದ ಬೀದಿಗಳು. ಸಣ್ಣ ಗದ್ದೆಗಳನ್ನು ಒಂದಾಗಿಸಿ ಕಬ್ಬು ಹಾಕಿದಾಗ ಬದುಗಳು ಅಳಿಯುತ್ತವೆ. ಆಳೆತ್ತರದ ಕಬ್ಬಿನ ನೆರಳಿನಲ್ಲಿ ಗಿಡ್ಡ ಹುಲ್ಲಿಗೂ ಜಾಗವಿಲ್ಲ. ಬೆಳೆ ಬದಲಾದುದರಿಂದ ರೈತನಿಗೆ ಆದ ಲಾಭನಷ್ಟದ ಲೆಕ್ಕ ಬೇರೆ. ಬದುವಿನ ಉದ್ದ ಕಡಿಮೆಯಾದುದು ಮಾತ್ರ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಮೊದಲು ಹಳಿಯಾಳದ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ದಾಂಡೇಲಿಯಲ್ಲಿ ಕಾಡು ಹತ್ತಿರವಾಗುತ್ತದೆ. ತೇವಭರಿತ ಎಲೆಯುದುರುವ ಕಾಡು, ಬಿದಿರು, ತೇಗದ ನೆಡುತೋಪುಗಳು. ಮಳೆಗಾಲದಲ್ಲಿ ಮೇಲ್ಚಾವಣಿ ಮುಚ್ಚಿ ನೆಲ ಕತ್ತಲಾಗುತ್ತದೆ. ಫೆಬ್ರವರಿಯ ಹೊತ್ತಿಗೆ ತೇಗ ಬೋಳಾಗಿ ತರಗೆಲೆಯ ರಾಶಿ. ಈ ತರಗೆಲೆ ಬಲೆ ಕಟ್ಟದ ತೋಳಜೇಡಗಳಿಗೆ ಸಲ್ಲುತ್ತದೆ, ಹಾಳೆ ಹಾಸುವ ಹಿಪ್ಪಾಸಾಕ್ಕೆ ಅಲ್ಲ. ಬೇಸಿಗೆಯಲ್ಲಿ ನೆಲಮಟ್ಟದ ಬೆಂಕಿ ಹರಿದರೆ ಎರಡಕ್ಕೂ ಕೇಡೇ. ಬಿರುಕಿನಾಳದಲ್ಲಿ ಇದ್ದವಷ್ಟೇ ಉಳಿಯಬಲ್ಲವು. ಹಿಪ್ಪಾಸಾವನ್ನು ಕಾಣಬೇಕಾದರೆ ಸಫಾರಿ ಜೀಪಿನಿಂದಿಳಿದು ಪಟ್ಟಣದ ಅಂಚಿನ ಹುಲ್ಲುಗಾವಲು, ರಸ್ತೆಬದಿಯ ಮಣ್ಣಿನ ದಿಬ್ಬಗಳತ್ತ ಬರಬೇಕು. ಪ್ರವಾಸಿಗರು ತಂಗುವ ವಸತಿಗೃಹಗಳ ಹುಲ್ಲುಹಾಸಿಗೂ ಈ ಜೇಡದ ಅಭ್ಯಂತರವಿಲ್ಲ, ಔಷಧಿ ಹೊಡೆಯದಿದ್ದರೆ.

ಕೊನೆಗೆ ಜೋಯಿಡಾ, ಹಳೆಯ ಹೆಸರಿನಲ್ಲಿ ಸೂಪಾ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟೆಯಲ್ಲಿ ಸೂಪಾ ಪೇಟೆ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಇಲ್ಲಿ ಮಳೆ ಹಳಿಯಾಳದ ದುಪ್ಪಟ್ಟಿಗೂ ಹೆಚ್ಚು. ಘಟ್ಟದ ಅಂಚಿನ ಕ್ಯಾಸಲ್‌ರಾಕ್ ಕಡೆ ಇನ್ನೂ ಜೋರು. ಧೋ ಎಂದು ಸುರಿಯುವ ಜುಲೈ ಮಳೆಯಲ್ಲಿ ನೆಲದ ಮೇಲಿನ ತೆಳುಹಾಳೆ ಉಳಿಯುವ ಮಾತೇ ಇಲ್ಲ. ನಿತ್ಯಹರಿದ್ವರ್ಣ ಕಾಡಿನೊಳಗೆ ಗಿಡ್ಡ ಹುಲ್ಲೂ ಇಲ್ಲ. ಆದರೆ ಕಾಡಿನ ನಡುವೆ ಕುಣಬಿಗಳ ಕಣಿವೆಗದ್ದೆಗಳಿವೆ, ಗೌಳಿಗಳ ಎಮ್ಮೆಗಳು ಮೇಯ್ದು ಗಿಡ್ಡಗೊಳಿಸಿದ ಬಯಲುಗಳಿವೆ, ಉಳವಿ ಜಾತ್ರೆಗೆ ಚಕ್ಕಡಿಗಳು ಹೋಗುವ ದಾರಿಯ ಇಕ್ಕೆಲಗಳಿವೆ. ಮಳೆ ಹಿಂದೆ ಸರಿದ ಮೇಲೆ ಬಲೆಗಳಿಗೆ ಒದಗುವುದು ಇಂಥ ತೆರವುಗಳು. ಸೂಪಾ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ತೆರೆದುಕೊಳ್ಳುವ ದಂಡೆಯ ಕಥೆ ಬೇರೆ: ಪ್ರತಿವರ್ಷ ಮುಳುಗಿ ಏಳುವ ಆ ನೆಲ ಓಡುವ ಪಾರ್ಡೋಸಾಗಳಿಗೆ ಹೊಂದುತ್ತದೆ, ಮನೆ ಕಟ್ಟುವ ಹಿಪ್ಪಾಸಾಕ್ಕೆ ಹೊಂದದು.

1956ರಲ್ಲಿ ದಾಂಡೇಲಿ ಅಭಯಾರಣ್ಯವೂ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ ಘೋಷಣೆಯಾದವು. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದವು. ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಆ ಪ್ರದೇಶದ ಗಡಿಯನ್ನು ಭೂಪಟದಲ್ಲಿ ಎಳೆದು, ಅದರ ಮೇಲೆ ಹಿಪ್ಪಾಸಾಕ್ಕೆ ಒಗ್ಗುವ ನೆಲವನ್ನು ಗುರುತಿಸುತ್ತ ಹೋದರೆ ಎರಡು ಚಿತ್ರಗಳು ಒಂದಕ್ಕೊಂದು ಬಹುಮಟ್ಟಿಗೆ ಹೊಂದುವುದಿಲ್ಲ. ಕಾಡು ಉಳಿದರೆ ಎಲ್ಲವೂ ಉಳಿದಂತೆ ಎಂಬ ನಮ್ಮ ಸಾಮಾನ್ಯ ನಂಬಿಕೆಗೆ ಈ ಜೇಡ ಒಪ್ಪುವುದಿಲ್ಲ. ಜಿಲ್ಲೆಯಲ್ಲಿ ಬೇಣ, ಹಕ್ಕಲು ಎಂದು ಕರೆಯುವ ಹುಲ್ಲಿನ ನೆಲಗಳು ಸರ್ಕಾರಿ ಭಾಷೆಯಲ್ಲಿ ಪಾಳು. ಜೇಡದ ಪಾಲಿಗೆ ಅದೇ ಊರು.

ವಿಷದ ಭಯ

ಹಿಪ್ಪಾಸಾ ಕರ್ನಾಟಕದ ಪ್ರಯೋಗಾಲಯಕ್ಕೂ ಬಂದಿದೆ. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರದ ಸಂಶೋಧಕರು 2006ರಲ್ಲಿ ಪಾರ್ಟೀಟಾ, ಅಜೆಲೆನಾಯ್ಡಿಸ್, ಲೈಕೋಸಿನಾ ಎಂಬ ಮೂರು ಪ್ರಭೇದಗಳ ವಿಷಗ್ರಂಥಿಯ ಸಾರವನ್ನು ಹೋಲಿಸಿ ಅಧ್ಯಯನ ಪ್ರಕಟಿಸಿದರು. ಮರುವರ್ಷ ಪಾರ್ಟೀಟಾದ ಸಾರದಿಂದ ಹಯಲುರೊನಿಡೇಸ್ ಎಂಬ ಕಿಣ್ವವನ್ನು ಶುದ್ಧೀಕರಿಸಿದರು. ನಮ್ಮ ಜೀವಕೋಶಗಳ ನಡುವೆ ಇರುವ ಲೋಳೆಯಂಥ ವಸ್ತುವನ್ನು ಕರಗಿಸಿ ವಿಷದ ಉಳಿದ ಅಂಶಗಳಿಗೆ ಹಾದಿ ಮಾಡಿಕೊಡುವುದು ಈ ಕಿಣ್ವದ ಕೆಲಸ. ಹಾವಿನ, ಚೇಳಿನ ವಿಷದಲ್ಲೂ ಇದು ಇದೆ.

ಇದನ್ನು ಓದಿ ಬೆಚ್ಚಬೇಕಾಗಿಲ್ಲ. ಜೇಡಗಳಲ್ಲಿ ಬಹುತೇಕ ಎಲ್ಲಕ್ಕೂ ವಿಷವಿದೆ. ಅದು ಮಿಡತೆಗೆಂದು ಇರುವಂಥದ್ದು. ಹಿಪ್ಪಾಸಾ ಮನುಷ್ಯನ ನೆರಳು ಬಿದ್ದರೆ ಕೊಳವೆಯೊಳಗೆ ಓಡುತ್ತದೆ. ಹುಲ್ಲು ಕೊಯ್ಯುವಾಗ ಕೈಗೆ ಸಿಕ್ಕಿ ಒತ್ತಿದಂತಾದರೆ ಕಚ್ಚಬಹುದು. ಆಗ ನೋವು, ಬಾವು. ಗಾಯ ತೊಳೆದುಕೊಂಡು, ಬಾವು ಹೆಚ್ಚಿದರೆ ವೈದ್ಯರಿಗೆ ತೋರಿಸುವುದು ಸರಿ. ಭಯಕ್ಕೆ ಕಾರಣ ಹೆಚ್ಚಾಗಿ ಹೆಸರಿನ ಗೊಂದಲ. ‘ಆಲಿಕೆ ಬಲೆಯ ಜೇಡ’ ಎಂದು ಅಂತರ್ಜಾಲದಲ್ಲಿ ಹುಡುಕಿದವರಿಗೆ ಸಿಗುವುದು ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಮಾರಕ ಜೇಡ. ಅದು ಬೇರೆಯೇ ಕುಟುಂಬದ್ದು, ನಮ್ಮಲ್ಲಿ ಇಲ್ಲ. ಅದಕ್ಕೂ 1981ರಲ್ಲಿ ಪ್ರತಿವಿಷ ಬಂದ ಮೇಲೆ ಅಲ್ಲಿ ಸಾವುಗಳು ನಿಂತಿವೆ.

ಜೇಡ ಮೈಮೇಲೆ ಹರಿದು ಗುಳ್ಳೆ ಎದ್ದಿತು ಎಂಬ ಮಾತು ನಮ್ಮಲ್ಲಿ ಮನೆಮನೆಯದು. ಮಳೆಗಾಲದ ನಂತರ ದೀಪಕ್ಕೆ ಬರುವ ಪೀಡೆರಸ್ ಎಂಬ ಕೆಂಪು–ಕಪ್ಪು ಬಣ್ಣದ ಕಿರುಜೀರುಂಡೆ ಚರ್ಮದ ಮೇಲೆ ನಜ್ಜುಗುಜ್ಜಾದಾಗ ಅದರೊಳಗಿನ ರಸ ತಾಗಿ ಉರಿಗುಳ್ಳೆ ಏಳುತ್ತದೆ. ಆ ತಪ್ಪು ಅನೇಕ ಸಲ ಗೋಡೆಯ ಮೇಲಿನ ಜೇಡದ ತಲೆಗೆ ಬರುತ್ತದೆ. ಸರ್ಪಸುತ್ತಿನ ಗುಳ್ಳೆಗಳಿಗೂ ಜೇಡವನ್ನೇ ದೂರುವವರಿದ್ದಾರೆ. ಅದು ವೈರಸ್ಸಿನಿಂದ ಬರುವ ಕಾಯಿಲೆ.

ಗದ್ದೆಯ ಲೆಕ್ಕ

ಇಷ್ಟಕ್ಕೂ ಈ ಜೇಡಗಳು ಇದ್ದರೆಷ್ಟು, ಹೋದರೆಷ್ಟು? ಉತ್ತರ ಭತ್ತದ ಗದ್ದೆಯಲ್ಲಿದೆ. ಹಿಪ್ಪಾಸಾದ ದಾಯಾದಿಯ ಪಾತ್ರವಂತೂ ಚೆನ್ನಾಗಿ ದಾಖಲಾಗಿದೆ. ಏಷ್ಯಾದ ಭತ್ತದ ಗದ್ದೆಗಳ ತೋಳಜೇಡವೆಂದೇ ಹೆಸರಾದ ಪಾರ್ಡೋಸಾ ಸೂಡೋಆನ್ಯುಲೇಟಾ ನೀರಿನ ಮೇಲೂ ಓಡಬಲ್ಲದು. ನಾಟಿಯಾದ ಕೆಲವೇ ದಿನಗಳಲ್ಲಿ ಗದ್ದೆಗೆ ಬಂದು ಸೇರುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1987ರಲ್ಲಿ ರೈತರಿಗಾಗಿ ಹೊರತಂದ ಕೈಪಿಡಿಯ ಪ್ರಕಾರ ಇಂಥ ಒಂದು ಜೇಡ ದಿನಕ್ಕೆ 5ರಿಂದ 15 ಕೀಟಗಳನ್ನು ತಿನ್ನುತ್ತದೆ. ಕಂದು ಜಿಗಿಹುಳು, ಹಸಿರು ಜಿಗಿಹುಳು, ಕಾಂಡಕೊರಕದ ಪತಂಗ ಎಲ್ಲವೂ ಅದರ ಊಟ.

ಜೇಡ ಹೋದರೆ ಏನಾಗುತ್ತದೆ ಎಂಬುದನ್ನು ಇಂಡೋನೇಷ್ಯಾ ಅನುಭವಿಸಿ ತಿಳಿಯಿತು. ಅಲ್ಲಿ 1970ರ ದಶಕದಿಂದ ಸರ್ಕಾರದ ಸಹಾಯಧನದಲ್ಲಿಯೇ ಕೀಟನಾಶಕ ಸುರಿಯಲಾಗುತ್ತಿತ್ತು. ಕಂದು ಜಿಗಿಹುಳು ಕಡಿಮೆಯಾಗುವ ಬದಲು ಹೆಚ್ಚಾಯಿತು. ಕಾರಣವಿಷ್ಟೆ: ಜಿಗಿಹುಳು ಮೊಟ್ಟೆಯಿಡುವುದು ಭತ್ತದ ಗರಿಯ ಅಂಗಾಂಶದೊಳಗೆ, ಔಷಧಿ ಅಲ್ಲಿಗೆ ತಲುಪುವುದಿಲ್ಲ. ಗರಿಗಳ ಬುಡದಲ್ಲಿ ಓಡಾಡುವ ಜೇಡಗಳಿಗೆ ನೇರವಾಗಿ ತಲುಪುತ್ತದೆ. ಮೊಟ್ಟೆಯೊಡೆದು ಬಂದ ಹುಳುಗಳಿಗೆ ಶತ್ರುಗಳೇ ಇಲ್ಲದ ಗದ್ದೆ ಸಿಗುತ್ತದೆ. ಜಿಗಿಹುಳುವಿಗೆ ಹೊಸ ಪೀಳಿಗೆ ಬರಲು ಕೆಲವೇ ವಾರ ಸಾಕು, ಜೇಡಕ್ಕೆ ತಿಂಗಳುಗಳು ಬೇಕು. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು, ಸಹಾಯಧನವನ್ನೂ ಹಂತಹಂತವಾಗಿ ನಿಲ್ಲಿಸಲಾಯಿತು. ಭತ್ತದ ಇಳುವರಿ ಕುಸಿಯಲಿಲ್ಲ.

ಗದ್ದೆ ವರ್ಷವಿಡೀ ಗದ್ದೆಯಾಗಿರುವುದಿಲ್ಲ. ಕೊಯ್ಲಾಗಿ ನೆಲ ಬಿರುಕು ಬಿಟ್ಟಾಗ, ಮತ್ತೆ ಉಳುವಾಗ ಗದ್ದೆಯೊಳಗಿನ ಜೇಡಗಳು ಆಶ್ರಯಿಸುವುದು ಬದುವನ್ನು. ಮುಂದಿನ ನಾಟಿಯ ಹೊತ್ತಿಗೆ ಬದುವಿನಿಂದಲೇ ಗದ್ದೆಗೆ ಇಳಿಯುತ್ತವೆ. ಬದುವಿನ ಮೇಲೆ ಹಿಪ್ಪಾಸಾದ ಬಲೆ ಇದೆ ಎಂದರೆ ಅಲ್ಲಿ ಹುಲ್ಲಿದೆ, ಸಂದಿದೆ, ಕೆಲವು ವಾರಗಳಿಂದ ಯಾರೂ ಅದನ್ನು ಕೆದಕಿಲ್ಲ, ವಿಷ ಬಿದ್ದಿಲ್ಲ ಎಂದರ್ಥ. ಪಾರ್ಡೋಸಾಕ್ಕೆ ತಂಗುದಾಣವಾಗಲು ಬೇಕಾದ ಲಕ್ಷಣಗಳೂ ಇವೇ. ಓಡುವ ಜೇಡ ಹಗಲಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಬಲೆ ಹಾಗಲ್ಲ, ದಾರಿಹೋಕರಿಗೂ ಕಾಣುತ್ತದೆ. ಆದ್ದರಿಂದ ಬದುವಿನ ಆರೋಗ್ಯ ತಿಳಿಯಲು ಹಿಪ್ಪಾಸಾದ ಬಲೆಗಳನ್ನು ಎಣಿಸುವುದಕ್ಕಿಂತ ಸುಲಭದ ಉಪಾಯ ಇನ್ನೊಂದಿರಲಾರದು. ಅಕ್ಟೋಬರಿನಿಂದ ಜನವರಿಯವರೆಗೆ ಬೆಳಗಿನ ಏಳರ ಹೊತ್ತಿಗೆ, ಇಬ್ಬನಿ ಆರುವ ಮುನ್ನ, ನೂರು ಹೆಜ್ಜೆ ನಡೆದು ಎಣಿಸಿದರಾಯಿತು. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸವಿದು. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳು ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಇಂಥ ಎಣಿಕೆಗೆ ಒಂದು ಪುಟ ಮೀಸಲಿಡಲು ಅಡ್ಡಿಯೇನಿಲ್ಲ. ಸಿರಸಿಯ ಅರಣ್ಯ ಕಾಲೇಜು, ಧಾರವಾಡದ ಎರಡು ವಿಶ್ವವಿದ್ಯಾಲಯಗಳು ಈ ನಾಲ್ಕು ತಾಲ್ಲೂಕುಗಳಿಂದ ಕೆಲವೇ ಗಂಟೆಗಳ ದಾರಿ.

ಬದುವಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ದನಕ್ಕೆ ಹಾಕುವುದು ಹಳೆಯ ಪದ್ಧತಿ. ಕೊಯ್ದ ಹುಲ್ಲು ಮತ್ತೆ ಚಿಗುರುತ್ತದೆ, ಹರಿದ ಹಾಳೆಯನ್ನು ಜೇಡ ಒಂದೆರಡು ರಾತ್ರಿಯಲ್ಲಿ ಮತ್ತೆ ನೇಯುತ್ತದೆ. ಆಳು ಸಿಗದ ಇಂದಿನ ದಿನಗಳಲ್ಲಿ ಕೂಲಿಗಿಂತ ಕಳೆನಾಶಕದ ಡಬ್ಬಿ ಅಗ್ಗವಾಗಿ ಕಾಣುವುದು ಸಹಜವೇ, ರೈತನನ್ನು ದೂರುವಂತಿಲ್ಲ. ಆದರೆ ಕಳೆನಾಶಕ ಬಿದ್ದ ಬದು ಬುಡಸಹಿತ ಕೆಂಪಗೆ ಒಣಗುತ್ತದೆ. ನೂಲು ಕಟ್ಟಲು ಗರಿಕೆ ಉಳಿಯುವುದಿಲ್ಲ. ಮೊದಲ ದೊಡ್ಡ ಮಳೆಗೆ ಬದುವಿನ ಮಣ್ಣೂ ಗದ್ದೆಗೆ ಕುಸಿಯುತ್ತದೆ. ಎಲ್ಲ ಬದುಗಳಿಗೂ ಒಂದೇ ದಿನ ಔಷಧಿ ಹೊಡೆಯದೆ, ಒಂದು ಬಿಟ್ಟು ಒಂದರಂತೆ ಕೊಯ್ಲಿಗೆ ಉಳಿಸಿಕೊಂಡರೂ ಜೇಡಗಳಿಗೆ ಪಕ್ಕದ ಬದುವಿಗೆ ದಾಟಲು ದಾರಿ ಇರುತ್ತದೆ.